ಹೊಸ ರ‍್ಯಾಮ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲವೇ? ಬೋರ್ಡ್ ಬದಲಿಸುವ ಮೊದಲು ಇಷ್ಟು ನೋಡಿ

ಹೋದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಉಡುಪಿ ಹತ್ತಿರದ ಕಡಲ ತೀರದ ಊರು ಮಲ್ಪೆಯಿಂದ ಅಕ್ಕನ ಮಗಳು ಫೋನ್ ಮಾಡಿದಳು. "ಮಾಮ, ಹೊಸ ರ‍್ಯಾಮ್ ಹಾಕಿದೆ. ಈಗ ಸ್ಕ್ರೀನೇ ಬರುದಿಲ್ಲ. ತೆಗೆದ್ರೆ ಬರ್ತದೆ, ಹಾಕಿದ್ರೆ ಇಲ್ಲ. ಅಂಗಡಿಗೆ ಕೊಂಡೋದ್ರೆ ಬೋರ್ಡೇ ಹೋಗಿದೆ ಅಂತಾರೆ. ಎಂತ ಮಾಡುದು?" ಧ್ವನಿ ಅಳುವ ಹಾಗಿತ್ತು. ಎರಡು ತಿಂಗಳು ದುಡ್ಡು ಉಳಿಸಿ ಕೊಂಡ 8 ಜಿಬಿ ಸ್ಟಿಕ್ (ಮೆಮೊರಿ ಚಿಪ್ ಕೂರಿಸಿದ ಸಣ್ಣ ಪಟ್ಟಿ) ಅದು. ಬೋರ್ಡ್, ಅಂದರೆ ಎಲ್ಲ ಭಾಗಗಳನ್ನು ಜೋಡಿಸುವ ಮದರ್ ಬೋರ್ಡ್, ಹಾಕಿಸುವ ಖರ್ಚಿನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೇ ಬರುತ್ತದೆ.

ಉಡುಪಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಜೂನ್, ಜುಲೈ ಬಂತೆಂದರೆ ಮಕ್ಕಳು ಹಳೇ ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸಲು ಓಡಾಡುತ್ತಾರೆ. ಮಳೆಯೂ ಅದೇ ಹೊತ್ತಿಗೆ ಶುರುವಾಗುತ್ತದೆ. ಇವೆರಡಕ್ಕೆ ಸಂಬಂಧ ಇದೆ ಅಂತ ಗೊತ್ತಾಗಲು ನನಗೆ ಸುಮಾರು ವರ್ಷ ಬೇಕಾಯಿತು. ಬೆಂಗಳೂರಿನವರು ಬರೆದ ಸಲಹೆ ಓದಿ ನೀವು ಎಲ್ಲ ಸರಿಯಾಗಿ ಮಾಡಿದರೂ ಕಡಲ ತೀರದಲ್ಲಿ ಒಂದು ವಿಷಯ ಬೇರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಿಚ್ಚುವ ಮೊದಲು

ಮೊದಲು ನಿಮ್ಮ ಲ್ಯಾಪ್‌ಟಾಪಿಗೆ ರ‍್ಯಾಮ್ ಸೇರಿಸಲು ಜಾಗ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು, ಪರ್ಫಾರ್ಮೆನ್ಸ್ ಒಳಗೆ ಮೆಮೊರಿ ಒತ್ತಿ. ಕೆಳಗೆ ಸ್ಟಿಕ್ ಕೂರಿಸುವ ಸ್ಲಾಟ್ ಎಷ್ಟಿದೆ, ಎಷ್ಟು ತುಂಬಿದೆ ಅಂತ ಬರುತ್ತದೆ. ಫಾರ್ಮ್ ಫ್ಯಾಕ್ಟರ್ ಎದುರು 'ಎಸ್‌ಒಡಿಐಎಂಎಂ' ಅಂತಿದ್ದರೆ ತೆಗೆದು ಹಾಕುವ ಸ್ಟಿಕ್. 'ರೋ ಆಫ್ ಚಿಪ್ಸ್' ಅಂತಿದ್ದರೆ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದು. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಈಗ ಜಾಸ್ತಿ ಹೀಗೇ. ಹೆಸರಿನ ಮುಂದೆ 'ಎಲ್‌ಪಿ' ಸೇರಿದ ಎಲ್‌ಪಿಡಿಡಿಆರ್ ರ‍್ಯಾಮ್ ಕೂಡ ಸಾಮಾನ್ಯವಾಗಿ ಬೆಸುಗೆ ಹಾಕಿದ್ದೇ. ಕೆಲವದರಲ್ಲಿ 4 ಜಿಬಿ ಬೆಸುಗೆ ಹಾಕಿ, ಪಕ್ಕದಲ್ಲಿ ಒಂದು ಸ್ಲಾಟ್ ಖಾಲಿ ಬಿಟ್ಟಿರುತ್ತಾರೆ. ಇದನ್ನು ಟಾಸ್ಕ್ ಮ್ಯಾನೇಜರ್ ಯಾವಾಗಲೂ ಸರಿಯಾಗಿ ಹೇಳುವುದಿಲ್ಲ. ಕಂಪನಿಯ ಸೈಟಿನಲ್ಲಿ ಆ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಇಳಿಸಿಕೊಂಡು ನೋಡುವುದು ಒಳ್ಳೆಯದು.

ಇನ್ನು ಬಿಚ್ಚುವ ದಿನ. ಎಸಿ ಕೋಣೆಯಿಂದ ತಂದ ತಣ್ಣನೆಯ ಲ್ಯಾಪ್‌ಟಾಪನ್ನು ಆಗಲೇ ಬಿಚ್ಚಬೇಡಿ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಚೊಂಬಿನ ಮೇಲೆ ನೀರು ಕೂರುವ ಹಾಗೆ ಇದರ ಒಳಗೂ ಕೂರುತ್ತದೆ. ಅರ್ಧ ಗಂಟೆ ಬಿಟ್ಟು, ಮುಟ್ಟಿದರೆ ಕೋಣೆಯಷ್ಟೇ ಬೆಚ್ಚಗಾದ ಮೇಲೆ ಕೈ ಹಾಕಿ. ಫ್ಯಾನ್ ಹಾಕಿಕೊಂಡು ಕೂರಿ, ಬೆವರು ಒರೆಸಿಕೊಳ್ಳಲು ಪಕ್ಕದಲ್ಲಿ ಬಟ್ಟೆ ಇಟ್ಟುಕೊಳ್ಳಿ. ಇದು ಸಣ್ಣ ಮಾತಲ್ಲ. ನಮ್ಮ ಸೆಕೆಯಲ್ಲಿ ಬೆರಳಿನ ಬೆವರು ಸ್ಟಿಕ್ಕಿನ ಚಿನ್ನದ ಹಲ್ಲುಗಳಿಗೆ ತಾಗಿದರೆ ಉಪ್ಪು ತಾಗಿದ ಹಾಗೇ. ಸ್ಟಿಕ್ಕನ್ನು ಯಾವಾಗಲೂ ಎರಡು ಬದಿಯ ಅಂಚಿನಲ್ಲಿ ಹಿಡಿಯಿರಿ.

ಶಟ್‌ಡೌನ್ ಒತ್ತುವಾಗ ಶಿಫ್ಟ್ ಕೀ ಹಿಡಿದುಕೊಂಡೇ ಒತ್ತಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಚಾರ್ಜರ್ ಕೀಳಿ. ಹಿಂದಿನ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಆಮೇಲೆ ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಕರೆಂಟ್ ಇಳಿಯುತ್ತದೆ. ಬ್ಯಾಟರಿ ಬಿಡಿಸದೆ ರ‍್ಯಾಮ್ ಕಿತ್ತವರ ಬೋರ್ಡ್ ನಿಜವಾಗಿಯೂ ಹೋಗಿದ್ದನ್ನು ನಾನು ನೋಡಿದ್ದೇನೆ. ಹಾಗಾಗಿ ಈ ಒಂದು ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಮೈಯ ಸ್ಟ್ಯಾಟಿಕ್ ಇಳಿಸಲು ಲೋಹದ ನಲ್ಲಿಯನ್ನು ಒಮ್ಮೆ ಮುಟ್ಟಿ ಬನ್ನಿ. ಮಳೆಗಾಲದ ಒದ್ದೆ ಗಾಳಿಯಲ್ಲಿ ಸ್ಟ್ಯಾಟಿಕ್ ಕಡಿಮೆ, ಆದರೆ ನೈಲಾನ್ ಬಟ್ಟೆ ಹಾಕಿದ್ದರೆ ಇಲ್ಲವೆನ್ನಲಾಗದು.

ಸ್ಕ್ರೀನ್ ಕಪ್ಪು

ಜನ ಜಾಸ್ತಿ ಹೆದರುವುದು ಇದಕ್ಕೇ. ಹೊಸ ಸ್ಟಿಕ್ ಹಾಕಿ ಪವರ್ ಒತ್ತುತ್ತೀರಿ. ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು.

ಮೊದಲು ಕಾಯಿರಿ. ರ‍್ಯಾಮ್ ಬದಲಾದ ಮೇಲೆ ಮೊದಲ ಸಲ ಆನ್ ಮಾಡುವಾಗ ಲ್ಯಾಪ್‌ಟಾಪ್ ಆ ಸ್ಟಿಕ್ಕಿನ ಜೊತೆ ಯಾವ ಹದದಲ್ಲಿ ಮಾತಾಡಬೇಕು ಅಂತ ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೇನಿಂಗ್ ಅನ್ನುತ್ತಾರೆ. ಡಿಡಿಆರ್4 ಅನ್ನುವ ಹಿಂದಿನ ತಲೆಮಾರಿನ ಸ್ಟಿಕ್ಕಿನಲ್ಲಿ ಇದು ಬೇಗ ಮುಗಿಯುತ್ತದೆ. ಅದರ ನಂತರದ ಡಿಡಿಆರ್5ರಲ್ಲಿ ಕೆಲವೊಮ್ಮೆ ಹಲವು ನಿಮಿಷ ಹಿಡಿಯುತ್ತದೆ, ಅಷ್ಟು ಹೊತ್ತೂ ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ. ನಡುವೆ ತಾನೇ ಒಂದೆರಡು ಸಲ ಆಫ್ ಆಗಿ ಆನ್ ಆದರೂ ಆಗಬಹುದು. ಮಣಿಪಾಲದಲ್ಲಿರುವ ನನ್ನ ಗೆಳೆಯರೊಬ್ಬರು ಪ್ರತಿ ಸಲ ಒಂದು ನಿಮಿಷಕ್ಕೇ ಪವರ್ ಬಟನ್ ಒತ್ತಿ ಆಫ್ ಮಾಡುತ್ತಿದ್ದರು. ಟ್ರೇನಿಂಗ್ ಮತ್ತೆ ಮೊದಲಿಂದ. "ಚಾರ್ಜರ್ ಹಾಕಿ, ಎದ್ದು ಹೋಗಿ ಚಾ ಕುಡಿದು ಬನ್ನಿ ಮಾರ್ರೆ" ಅಂದೆ. ಬಂದು ನೋಡುವಾಗ ವಿಂಡೋಸ್ ಪಾಸ್‌ವರ್ಡ್ ಕೇಳುತ್ತಾ ನಿಂತಿತ್ತು. ಹತ್ತು ನಿಮಿಷ ಕೊಡಿ. ಆಮೇಲೂ ಬಾರದಿದ್ದರೆ ಮುಂದಕ್ಕೆ ಹೋಗೋಣ.

ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಲ್ಯಾಪ್‌ಟಾಪ್ ಒಳಗೆ ಎಚ್ಚರವಾಗಿದೆ, ರ‍್ಯಾಮ್ ಪರೀಕ್ಷೆ ದಾಟಿರುವ ಸಾಧ್ಯತೆ ಜಾಸ್ತಿ. ಆಗ ಟಿವಿಗೆ ಎಚ್‌ಡಿಎಂಐ ವೈರ್ ಹಾಕಿ ನೋಡಿ, ಸ್ಕ್ರೀನಿನ ಕೇಬಲ್ ಸಡಿಲವಾಗಿರಬಹುದು. ದೀಪ ಅಲುಗದಿದ್ದರೆ ಅನುಮಾನ ರ‍್ಯಾಮ್ ಮೇಲೇ ಬರಲಿ. ಎಷ್ಟೋ ಮಾಡೆಲ್‌ಗಳು ತಮಗೆ ಏನಾಗಿದೆ ಅಂತ ದೀಪದಲ್ಲೋ ಬೀಪ್‌ನಲ್ಲೋ ಹೇಳುತ್ತವೆ. ಡೆಲ್‌ನ ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ದೀಪ ಹಳದಿಯಾಗಿ 2 ಸಲ, ಬಿಳಿಯಾಗಿ 3 ಸಲ ಮಿಣುಕಿದರೆ ರ‍್ಯಾಮ್ ಕಾಣುತ್ತಿಲ್ಲ ಅಂತ ಅರ್ಥ. ಹಳದಿ 2, ಬಿಳಿ 4 ಬಂದರೆ ರ‍್ಯಾಮ್ ಕೆಟ್ಟಿದೆ. ಹಳದಿ 2, ಬಿಳಿ 5 ಬಂದರೆ ಹಾಕಿದ ರ‍್ಯಾಮ್ ಹೊಂದುವುದಿಲ್ಲ. ಬೇರೆ ಕಂಪನಿಗಳ ಲೆಕ್ಕ ಬೇರೆ. ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ನಿಧಾನಕ್ಕೆ ಎಣಿಸಿ, ಮ್ಯಾನುಯಲ್ ಜೊತೆ ತಾಳೆ ನೋಡಿ.

ಇನ್ನು ಕೂರಿಸುವುದು. ಸ್ಟಿಕ್ಕನ್ನು 30 ಡಿಗ್ರಿಯಷ್ಟು ಓರೆಯಾಗಿ ಹಿಡಿದು ಸ್ಲಾಟಿನೊಳಗೆ ತಳ್ಳಬೇಕು. ಆಮೇಲಷ್ಟೇ ಕೆಳಗೆ ಒತ್ತಿ, ಎರಡು ಬದಿಯ ಕ್ಲಿಪ್ ಟಕ್ ಅನ್ನಬೇಕು. ಹೆಚ್ಚಿನವರು ತಪ್ಪುವುದು ಮೊದಲ ಅರ್ಧದಲ್ಲಿ. ಪೂರ್ತಿ ತಳ್ಳದೆ ಕೆಳಗೆ ಒತ್ತಿದರೂ ಕೆಲವೊಮ್ಮೆ ಟಕ್ ಅನ್ನುತ್ತದೆ. ಆ ಶಬ್ದ ನಂಬಿ ಮೋಸ ಹೋಗುತ್ತೇವೆ. ಟಾರ್ಚ್ ಹಿಡಿದು ಸ್ಲಾಟಿನ ಬಾಯಿ ನೋಡಿ. ಚಿನ್ನದ ಹಲ್ಲುಗಳು ಒಂದು ಕೂದಲೆಳೆಯಷ್ಟು ಕಂಡರೆ ಸರಿ. ಅಗಲವಾದ ಹಳದಿ ಪಟ್ಟಿ ಕಂಡರೆ, ಅಥವಾ ಒಂದು ತುದಿಯಲ್ಲಿ ಜಾಸ್ತಿ, ಇನ್ನೊಂದು ತುದಿಯಲ್ಲಿ ಕಡಿಮೆ ಕಂಡರೆ ಅದು ಕೂತಿಲ್ಲ. ತೆಗೆದು ಮತ್ತೆ ಹಾಕಿ. ನನ್ನ ಹತ್ತಿರ ಬರುವ ಕಪ್ಪು ಸ್ಕ್ರೀನ್‌ಗಳಲ್ಲಿ ಎಷ್ಟೋ ಇಷ್ಟಕ್ಕೇ ಸರಿಯಾಗುತ್ತವೆ.

ಒಂದು ಸ್ಟಿಕ್, ಒಂದು ಸ್ಲಾಟ್

ಅಕ್ಕನ ಮಗಳ ಲ್ಯಾಪ್‌ಟಾಪ್ ಇಷ್ಟಕ್ಕೆ ಸರಿಯಾಗಲಿಲ್ಲ. ಐದು ವರ್ಷ ಹಳೆಯದು, ಎಂಟನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್. ಒಂದು ಸ್ಲಾಟಿನಲ್ಲಿ 4 ಜಿಬಿ ಡಿಡಿಆರ್4 ಸ್ಟಿಕ್ ಇತ್ತು, ಇನ್ನೊಂದು ಸ್ಲಾಟ್ ಕೊಂಡ ದಿನದಿಂದ ಖಾಲಿ. ಆ ಖಾಲಿ ಸ್ಲಾಟಿಗೆ ಹೊಸ 8 ಜಿಬಿ ಹಾಕಿದ್ದಳು. ಮಲ್ಪೆಯ ಮನೆಯ ಚಾವಡಿಯಲ್ಲಿ ಚಾಪೆ ಹಾಸಿ ಕೂತೆವು. ಹೊರಗೆ ಮಳೆ ಜೋರು ಹೊಡೆಯುತ್ತಿತ್ತು.

ನೀವು ಈ ಬರಹದಿಂದ ಒಂದೇ ಒಂದು ಕೆಲಸ ಕಲಿಯುವುದಾದರೆ ಇದನ್ನು ಕಲಿಯಿರಿ. ಎರಡು ಸ್ಟಿಕ್ಕನ್ನೂ ತೆಗೆಯಿರಿ. ಒಂದು ಸಲಕ್ಕೆ ಒಂದೇ ಸ್ಟಿಕ್ ಹಾಕಿ ಆನ್ ಮಾಡಿ. ನಾಲ್ಕು ಸಲ ಮಾಡಬೇಕು, ಪ್ರತಿ ಸಲ ಬ್ಯಾಟರಿ ಬಿಡಿಸಬೇಕು. ಬೇಜಾರು ಬರುತ್ತದೆ, ಆದರೂ ಬಿಡಬೇಡಿ. ಒಂದು ಕಾಗದದಲ್ಲಿ ಬರೆದುಕೊಳ್ಳಿ, ನೆನಪನ್ನು ನಂಬಬೇಡಿ. ನಾವು ಅವಳ ನೋಟ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೆವು. ಹಳೇ ಸ್ಟಿಕ್ ಮೊದಲ ಸ್ಲಾಟಿನಲ್ಲಿ, ಬಂತು. ಹೊಸ ಸ್ಟಿಕ್ ಮೊದಲ ಸ್ಲಾಟಿನಲ್ಲಿ, ಅದೂ ಬಂತು. ಹಳೇ ಸ್ಟಿಕ್ ಎರಡನೇ ಸ್ಲಾಟಿನಲ್ಲಿ, ಇಲ್ಲ. ಹೊಸದು ಎರಡನೇ ಸ್ಲಾಟಿನಲ್ಲಿ, ಇಲ್ಲ.

ಈ ನಾಲ್ಕು ಸಾಲು ಬರೆದರೆ ಜಗಳ ಮುಗಿಯಿತು. ಸ್ಟಿಕ್ ಎರಡೂ ಸರಿ ಇವೆ, ಮೊದಲ ಸ್ಲಾಟ್ ಸರಿ ಇದೆ, ತೊಂದರೆ ಎರಡನೇ ಸ್ಲಾಟಿನದ್ದು. ಹೊಸ ಸ್ಟಿಕ್ ಎಲ್ಲಿ ಹಾಕಿದರೂ ಬಾರದೆ, ಹಳೆಯದು ಎರಡರಲ್ಲೂ ಬಂದಿದ್ದರೆ ಸ್ಟಿಕ್ಕೇ ಕೆಟ್ಟಿದೆ, ಇಲ್ಲವೇ ಹೊಂದುತ್ತಿಲ್ಲ ಅಂತಾಗುತ್ತಿತ್ತು. ಕೊಂಡ ಅಂಗಡಿಗೆ ಹೋಗಿ ಬದಲಿ ಕೇಳುವಾಗಲೂ ಈ ಕಾಗದ ಕೈಯಲ್ಲಿರಲಿ, ಮಾತು ಸುಲಭವಾಗುತ್ತದೆ. ಬೇರೆ ಬೇರೆಯಾಗಿ ಎರಡೂ ಓಡಿ, ಜೊತೆಯಲ್ಲಿ ಮಾತ್ರ ಓಡದಿದ್ದರೆ ಆ ಎರಡು ಸ್ಟಿಕ್‌ಗಳಿಗೆ ಒಂದಕ್ಕೊಂದು ಆಗಿ ಬರುವುದಿಲ್ಲ. ಒಂದೇ ಪ್ಯಾಕಿನ ಜೋಡಿ ಕೊಳ್ಳುವುದೇ ಅದಕ್ಕೆ ದಾರಿ. ಒಂದು ಎಚ್ಚರಿಕೆ ಇದೆ. ಕೆಲವು ಮಾಡೆಲ್‌ಗಳಲ್ಲಿ ಒಂದೇ ಸ್ಟಿಕ್ ಇದ್ದರೆ ಅದು ಮೊದಲ ಸ್ಲಾಟಿನಲ್ಲೇ ಇರಬೇಕು. ಎರಡನೇ ಸ್ಲಾಟನ್ನು ಬೈಯುವ ಮೊದಲು ಮ್ಯಾನುಯಲ್ ನೋಡಿಕೊಳ್ಳಿ. ಇವಳದ್ದರಲ್ಲಿ ಅಂಥ ನಿಯಮ ಇರಲಿಲ್ಲ.

ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಸ್ಲಾಟ್ ಬೋರ್ಡಿನ ಭಾಗವೇ. ಆದರೆ ಸ್ಲಾಟ್ ಯಾಕೆ ಹೋಯಿತು ಅಂತ ಯಾರೂ ಬಗ್ಗಿ ನೋಡಿರಲಿಲ್ಲ.

ಹಸಿರು ಚುಕ್ಕಿ

ಮೊಬೈಲ್ ಟಾರ್ಚ್ ಹಚ್ಚಿ, ಲ್ಯಾಪ್‌ಟಾಪನ್ನು ಓರೆ ಮಾಡಿ, ಸ್ಲಾಟಿನ ಬಾಯೊಳಗೆ ನೋಡಿದೆ. ಡಿಡಿಆರ್4 ಸ್ಲಾಟಿನಲ್ಲಿ 260 ಪಿನ್ ಇರುತ್ತವೆ, ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು. ಸಣ್ಣ ಬಾಚಣಿಗೆಯ ಹಲ್ಲುಗಳ ಹಾಗೆ. ಎಲ್ಲವೂ ಮಿನುಗುತ್ತಿದ್ದವು. ಎಡಗಡೆಯ ಮೂಲೆಯಲ್ಲಿ ಮೂರು ಪಿನ್‌ಗಳು ಮಾತ್ರ ಮಂಕಾಗಿದ್ದವು. ಹತ್ತಿರ ಹೋಗಿ ನೋಡಿದರೆ ಅವುಗಳ ತುದಿಯಲ್ಲಿ ಸಾಸಿವೆಗಿಂತಲೂ ಸಣ್ಣ ಹಸಿರು ಚುಕ್ಕಿ. ಉಜ್ಜದೆ ಇಟ್ಟ ಹಳೇ ತಾಮ್ರದ ಹಂಡೆಯಲ್ಲಿ ಬರುವುದಲ್ಲ, ಅದೇ ಕಿಲುಬು.

ಈ ಪಿನ್‌ಗಳ ಮೇಲಿನ ಚಿನ್ನ ಬಹಳ ತೆಳುವಿನ ಲೇಪ. ಕೆಳಗೆ ನಿಕ್ಕಲ್, ಅದರ ಕೆಳಗೆ ತಾಮ್ರ ಬೆರೆತ ಲೋಹ. ಲೇಪದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಉಪ್ಪು ಬೆರೆತ ತೇವ ಅದರೊಳಗೆ ಇಳಿದರೆ ತಾಮ್ರ ಕಿಲುಬು ಹಿಡಿಯುತ್ತದೆ. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುವ ಕಾಲ ಅದು. ಮಲ್ಪೆ, ಕಾಪು, ಪಣಂಬೂರು, ಉಳ್ಳಾಲದಂಥ ಊರುಗಳಲ್ಲಿ ಅದರ ಮೇಲೆ ಕಡಲಿನ ಉಪ್ಪು ಗಾಳಿ ಬೇರೆ. ಕಿಟಕಿಯ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಸ್ಟಿಕ್ ಕೂತ ಸ್ಲಾಟಿನಲ್ಲಿ ಪಿನ್ ಮತ್ತು ಹಲ್ಲು ಒಂದನ್ನೊಂದು ಬಿಗಿಯಾಗಿ ಒತ್ತಿಕೊಂಡಿರುತ್ತವೆ, ಆ ಜಾಗಕ್ಕೆ ಗಾಳಿ ಸುಲಭವಾಗಿ ಹೋಗದು. ಖಾಲಿ ಸ್ಲಾಟ್ ಬಾಯಿ ತೆರೆದುಕೊಂಡು ಐದು ಮಳೆಗಾಲ ಕಂಡಿತ್ತು. ಲ್ಯಾಪ್‌ಟಾಪಿನ ಫ್ಯಾನ್ ಹೊರಗಿನ ಗಾಳಿಯನ್ನು ಎಳೆದು ಅದರ ಮೇಲೇ ಹಾಯಿಸುತ್ತಿತ್ತು.

ಹಾಗಾಗಿ ಕಡಲ ತೀರದ ಲ್ಯಾಪ್‌ಟಾಪ್‌ಗಳಲ್ಲಿ ನನ್ನ ಮೊದಲ ಅನುಮಾನ ಹೊಸ ಸ್ಟಿಕ್ಕಿನ ಮೇಲಲ್ಲ, ವರ್ಷಗಟ್ಟಲೆ ಖಾಲಿ ಇದ್ದ ಸ್ಲಾಟಿನ ಮೇಲೆ. ಸ್ಲಾಟಿನೊಳಗೆ ಇರುವೆ ಗೂಡು ಕಟ್ಟಿದ್ದನ್ನೂ ಎರಡು ಸಲ ನೋಡಿದ್ದೇನೆ. ಮಳೆಗಾಲದಲ್ಲಿ ಅವಕ್ಕೂ ಬೆಚ್ಚಗಿನ ಜಾಗ ಬೇಕಲ್ವಾ.

ತೊಳೆಯುವುದು ಹೇಗೆ? ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ, 99 ಶೇಕಡಾದ್ದು. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಐಪಿಎ ಅಂತ ಕೇಳಿದರೆ ಕೊಡುತ್ತಾರೆ. ಸ್ಯಾನಿಟೈಜರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅಂಟು ಉಳಿಯುತ್ತದೆ. ಪೆಟ್ರೋಲು, ಥಿನ್ನರ್ ಹತ್ತಿರಕ್ಕೂ ತರಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಚಿತ್ರ ಬಿಡಿಸುವ ಹೊಸ ಸಣ್ಣ ಬ್ರಷ್ ತೆಗೆದುಕೊಂಡು, ಆಲ್ಕೋಹಾಲ್‌ನಲ್ಲಿ ಅದ್ದಿ, ಜಾಸ್ತಿ ಇದ್ದದ್ದನ್ನು ಕೊಡವಿ. ಪಿನ್ ಯಾವ ದಿಕ್ಕಿಗೆ ಇದೆಯೋ ಅದೇ ದಿಕ್ಕಿಗೆ, ಒಳಗಿನಿಂದ ಹೊರಕ್ಕೆ ಎಳೆಯಿರಿ. ಅಡ್ಡಕ್ಕೆ ಉಜ್ಜಿದರೆ ಪಿನ್ ಬಾಗುತ್ತದೆ. ಬಾಗಿದ ಪಿನ್ ಪಕ್ಕದ್ದಕ್ಕೆ ತಾಗಿದರೆ ನಿಜವಾದ ತೊಂದರೆ ಶುರು. ಬಟ್ಟೆ, ಹತ್ತಿ ಸ್ಲಾಟಿನೊಳಗೆ ಹಾಕಬೇಡಿ, ನೂಲು ಸಿಕ್ಕಿಕೊಳ್ಳುತ್ತದೆ.

ಸ್ಟಿಕ್ಕಿನ ಹಲ್ಲುಗಳಿಗೆ ಎಲ್ಲರೂ ಪೆನ್ಸಿಲ್ ರಬ್ಬರ್ ಹೇಳುತ್ತಾರೆ. ಕೆಲಸ ಆಗುತ್ತದೆ, ಸುಳ್ಳಲ್ಲ. ಆದರೆ ಪ್ರತಿ ಸಲ ಉಜ್ಜಿದಾಗ ಆ ತೆಳುವಾದ ಚಿನ್ನವೂ ಸ್ವಲ್ಪ ಹೋಗುತ್ತದೆ. ಒಳಗಿನ ಲೋಹ ಹೊರಬಂದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಕಿಲುಬು. ನಾನು ಆಲ್ಕೋಹಾಲ್ ತಾಗಿಸಿದ ಮೆತ್ತನೆಯ ಕನ್ನಡಕದ ಬಟ್ಟೆಯಲ್ಲೇ ಒರೆಸುತ್ತೇನೆ. ಕಲೆ ತೀರಾ ಹಟ ಹಿಡಿದರೆ ಮಾತ್ರ ಬಿಳಿ ಮೆತ್ತನೆಯ ರಬ್ಬರಿನಿಂದ ಒಂದೇ ಸಲ, ಹಗುರವಾಗಿ.

ಹದಿನೈದು ನಿಮಿಷ ಟೇಬಲ್ ಫ್ಯಾನ್ ಎದುರು ಒಣಗಿಸಿದೆವು. ಹೇರ್ ಡ್ರೈಯರ್ ಬೇಡ, ಅಕ್ಕಿ ಡಬ್ಬಿಯೂ ಬೇಡ, ಅಕ್ಕಿಯ ಹುಡಿ ಒಳಗೆ ಸೇರುತ್ತದೆ. ಸ್ಟಿಕ್ ಹಾಕಿ ಆನ್ ಮಾಡಿದರೆ ಮತ್ತೆ ಕಪ್ಪು. ಅವಳು ನನ್ನ ಮುಖ ನೋಡಿದಳು. ಇನ್ನೊಂದು ಸಲ ಬ್ರಷ್ ಎಳೆದು, ಈ ಸಲ ಹಳೇ ಸ್ಟಿಕ್ಕನ್ನು ಆ ಸ್ಲಾಟಿಗೆ ನಾಲ್ಕು ಸಲ ಹಾಕಿ ತೆಗೆದೆ. ಹಾಕುವಾಗ ಪಿನ್ ಮತ್ತು ಹಲ್ಲು ಉಜ್ಜಿಕೊಂಡು ಉಳಿದ ಕಿಲುಬು ಸವೆಯುತ್ತದೆ. ಇದನ್ನು ಲೆಕ್ಕವಿಲ್ಲದೆ ಮಾಡಬೇಡಿ. ಇಂಥ ಸ್ಲಾಟ್‌ಗಳನ್ನು ತಯಾರಿಸುವುದೇ ಸುಮಾರು 25 ಸಲ ಹಾಕಿ ತೆಗೆಯುವ ಲೆಕ್ಕದಲ್ಲಿ. ಸ್ಟಿಕ್ಕಿನ ಹಲ್ಲು ಒರೆಸಿ, ಕೂರಿಸಿ, ಪವರ್ ಒತ್ತಿದೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಂಪನಿಯ ಚಿಹ್ನೆ ಬೆಳಗಿತು. "ಬಂತು ಮಾಮ!" ಅಂತ ಅವಳು ಕೂಗಿದ್ದಕ್ಕೆ ಒಳಗಿಂದ ಅಕ್ಕ ಓಡಿ ಬಂದಳು.

ಸ್ಟಿಕ್ಕೇ ಹೊಂದದಿದ್ದರೆ

ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಒಂದು ಕೂರುವುದಿಲ್ಲ. ನಡುವಿನ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ಕೂರದಿದ್ದರೆ ಬಲ ಹಾಕಬೇಡಿ, ಅಷ್ಟು ಸಾಕು. ನಿಜವಾದ ಮೋಸ ಕೂರುವ ಸ್ಟಿಕ್‌ಗಳಲ್ಲಿ. ಡಿಡಿಆರ್3ಕ್ಕೆ 1.5 ವೋಲ್ಟ್, ಡಿಡಿಆರ್3ಎಲ್‌ಗೆ 1.35 ವೋಲ್ಟ್ ಬೇಕು. ಎರಡಕ್ಕೂ 204 ಪಿನ್, ಕಚ್ಚೂ ಒಂದೇ ಕಡೆ. 2013ರ ಆಚೆ ಈಚೆ ಬಂದ ಎಷ್ಟೋ ಲ್ಯಾಪ್‌ಟಾಪ್‌ಗಳು 1.35 ವೋಲ್ಟ್ ಮಾತ್ರ ಕೊಡುತ್ತವೆ. ಅದಕ್ಕೆ 1.5ರ ಸ್ಟಿಕ್ ಹಾಕಿದರೆ ಚಂದ ಕೂರುತ್ತದೆ, ಆನ್ ಆಗುವುದಿಲ್ಲ. ಸುರತ್ಕಲ್‌ನ ಒಬ್ಬ ಹುಡುಗ ಮಂಗಳೂರಿನ ಹಂಪನಕಟ್ಟೆಯಲ್ಲಿ ಸೆಕೆಂಡ್ ಹ್ಯಾಂಡ್ ಸ್ಟಿಕ್ ಕೊಂಡು ಮೂರು ದಿನ ಒದ್ದಾಡಿದ್ದು ಇದಕ್ಕೇ. ಲೇಬಲ್ ಮೇಲೆ 'ಪಿಸಿ3ಎಲ್' ಅಂತ 'ಎಲ್' ಇರಬೇಕಿತ್ತು, 'ಪಿಸಿ3' ಅಂತ ಮಾತ್ರ ಇತ್ತು. ಉಲ್ಟಾ ಆದರೆ ಚಿಂತೆ ಇಲ್ಲ, ಎಲ್ ಇರುವ ಸ್ಟಿಕ್ 1.5 ವೋಲ್ಟ್‌ನಲ್ಲೂ ಓಡುತ್ತದೆ.

ಹಳೇ ಡಿಡಿಆರ್3 ಲ್ಯಾಪ್‌ಟಾಪಿಗೆ 8 ಜಿಬಿ ಸ್ಟಿಕ್ ಕೊಳ್ಳುವಾಗ ಕಪ್ಪು ಚಿಪ್‌ಗಳನ್ನು ಎಣಿಸಿ. ಎರಡು ಬದಿ ಸೇರಿ 16 ಇರಲಿ. ಬರೀ 8 ಚಿಪ್‌ನಲ್ಲಿ 8 ಜಿಬಿ ತುಂಬಿದ ಸ್ಟಿಕ್ಕನ್ನು ಇಂಟೆಲ್‌ನ ನಾಲ್ಕನೇ ತಲೆಮಾರು ಮತ್ತು ಅದಕ್ಕಿಂತ ಹಿಂದಿನ ಪ್ರೊಸೆಸರ್‌ಗಳು ಗುರುತಿಸುವುದಿಲ್ಲ.

ವೇಗದ ಬಗ್ಗೆ ಜನ ಬೇಕಾದ್ದಕ್ಕಿಂತ ಜಾಸ್ತಿ ಹೆದರುತ್ತಾರೆ. 2400 ವೇಗದ ಸ್ಟಿಕ್ ಜೊತೆ 2666 ವೇಗದ್ದು ಹಾಕಿದರೆ ಎರಡೂ 2400ರಲ್ಲಿ ಓಡುತ್ತವೆ. ಅಕ್ಕನ ಮಗಳದ್ದೂ ಹಾಗೆಯೇ ಓಡುತ್ತಿದೆ.

ಇಷ್ಟಾದರೂ ಒಪ್ಪದಿದ್ದರೆ ಹಳೇ ಸ್ಟಿಕ್ ಒಂದನ್ನೇ ಹಾಕಿಕೊಂಡು ಬಯೋಸ್ (ವಿಂಡೋಸ್ ಶುರುವಾಗುವ ಮೊದಲು ಓಡುವ ಬೋರ್ಡಿನ ಸಾಫ್ಟ್ ವೇರ್) ಅಪ್‌ಡೇಟ್ ಮಾಡಿ ನೋಡಬಹುದು. ಬ್ಯಾಟರಿ ತುಂಬಿರಬೇಕು, ಚಾರ್ಜರ್ ಹಾಕಿರಬೇಕು. ಗಾಳಿ ಮಳೆಗೆ ಕರೆಂಟ್ ಹೋಗಿ ಬಂದು ಮಾಡುವ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬಯೋಸ್ ಬದಲಾದ ಮೇಲೆ ಅದು ಕೇಳಬಹುದು, ಆ ಕೀ ಇಲ್ಲದೆ ಫೈಲ್‌ಗಳು ಸಿಗುವುದಿಲ್ಲ.

ಲೆಕ್ಕ ಕಡಿಮೆ ತೋರಿಸಿದರೆ

ಬಯೋಸ್‌ನಲ್ಲಿ ಎಷ್ಟು ಕಾಣುತ್ತದೆ ಅಂತ ಮೊದಲು ನೋಡಿ. ಅಲ್ಲೇ ಕಡಿಮೆ ಇದ್ದರೆ ಸ್ಟಿಕ್ ಸರಿಯಾಗಿ ಕೂತಿಲ್ಲ, ಮೇಲೆ ಹೇಳಿದ ದಾರಿಯೇ. ಬಯೋಸ್‌ನಲ್ಲಿ ಸರಿ ಇದ್ದು ವಿಂಡೋಸ್‌ನಲ್ಲಿ ಕಡಿಮೆ ಇದ್ದರೆ ಬಿಚ್ಚುವ ಕೆಲಸ ಇಲ್ಲ. 32 ಬಿಟ್ ವಿಂಡೋಸ್ ಆದರೆ 4 ಜಿಬಿ ದಾಟುವುದಿಲ್ಲ. ಎಂಎಸ್‌ಕಾನ್ಫಿಗ್‌ನಲ್ಲಿ (ವಿಂಡೋಸ್ ಶುರುವಾಗುವ ಬಗೆಯನ್ನು ಹೊಂದಿಸುವ ಜಾಗ) ಬೂಟ್, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಮ್ಯಾಕ್ಸಿಮಮ್ ಮೆಮೊರಿಗೆ ಯಾರಾದರೂ ಟಿಕ್ ಹಾಕಿದ್ದರೆ ತೆಗೆಯಿರಿ. ಒಂದೆರಡು ಜಿಬಿ ಮಾತ್ರ ಕಾಣೆಯಾಗಿದ್ದರೆ, ಅದರಲ್ಲೂ ಎಎಂಡಿಯ ರೈಜೆನ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ಆದರೆ, ಗ್ರಾಫಿಕ್ಸ್ ತನ್ನ ಪಾಲು ಎತ್ತಿಟ್ಟುಕೊಂಡಿದೆ. ಅದು ದೋಷ ಅಲ್ಲ.

ಓಡುತ್ತದೆ, ಆಗಾಗ ಬೀಳುತ್ತದೆ

ಕಪ್ಪು ಸ್ಕ್ರೀನ್‌ಗಿಂತ ನನಗೆ ಇದರ ಹೆದರಿಕೆ ಜಾಸ್ತಿ. ಎರಡು ದಿನ ಚೆನ್ನಾಗಿ ಓಡಿ, ಮೂರನೇ ದಿನ ನೀಲಿ ಸ್ಕ್ರೀನ್ ಬಂದು ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಬರೆಯುತ್ತದೆ. ಜಿಪ್ ಫೈಲ್ ಬಿಚ್ಚುವಾಗ ಎರರ್ ಬರುತ್ತದೆ. ಇದನ್ನು ಹಾಗೇ ಬಿಟ್ಟರೆ ಸೇವ್ ಮಾಡಿದ ಫೈಲ್‌ಗಳೂ ಸದ್ದಿಲ್ಲದೆ ಹಾಳಾಗುತ್ತವೆ. ಪ್ರಾಜೆಕ್ಟ್ ರಿಪೋರ್ಟ್ ಇರುವ ಮಕ್ಕಳು ಇಂಥ ಲ್ಯಾಪ್‌ಟಾಪಿನಲ್ಲಿ ಒಂದಕ್ಷರವೂ ಟೈಪ್ ಮಾಡಬೇಡಿ, ಮೊದಲು ಬ್ಯಾಕಪ್ ತೆಗೆಯಿರಿ.

ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಅವಸರಕ್ಕೆ ಆಗುತ್ತದೆ. ಗಟ್ಟಿ ಉತ್ತರ ಬೇಕಾದರೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿ, ರಾತ್ರಿ ಮಲಗುವಾಗ ಬಿಟ್ಟುಬಿಡಿ. ಉಚಿತವಾಗಿ ಸಿಗುವುದರಲ್ಲಿ ನಾಲ್ಕು ಸುತ್ತು ಪರೀಕ್ಷೆ ಇದೆ. ಒಂದೇ ಒಂದು ಎರರ್ ಬಂದರೂ ಅದು ಎರರ್ರೇ, ಒಂದೇ ಅಲ್ವಾ ಅಂತ ಬಿಡುವ ಹಾಗಿಲ್ಲ. ಎರರ್ ಬಂದರೆ ಮತ್ತೆ ಒಂದು ಸ್ಟಿಕ್, ಒಂದು ಸ್ಲಾಟ್. ಕಿಲುಬು ಅರ್ಧ ಹೋಗಿ ಅರ್ಧ ಉಳಿದ ಸ್ಲಾಟ್ ಕೂಡ ಹೀಗೇ ಆಡುತ್ತದೆ. ಹಾಗಾಗಿ ಸ್ಲಾಟ್ ತೊಳೆದವರು ಈ ಪರೀಕ್ಷೆ ಮಾಡಿಯೇ ಮಾಡಬೇಕು.

ನಾವೂ ಅಂದು ರಾತ್ರಿ ಓಡಿಸಲು ಬಿಟ್ಟೆವು. ಮುಚ್ಚಳದ ಸ್ಕ್ರೂಗಳನ್ನು ಇನ್ನೂ ಹಾಕಿರಲಿಲ್ಲ. ತೆಗೆದ ಕ್ರಮದಲ್ಲೇ ಒಂದು ರಟ್ಟಿನ ಮೇಲೆ ಚುಚ್ಚಿಟ್ಟಿದ್ದೆ. ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಮೇಲಿನ ಪ್ಲಾಸ್ಟಿಕ್ ಉಬ್ಬಿ ಒಡೆಯುತ್ತದೆ. ಬೆಳಿಗ್ಗೆ ಅವಳೇ ಫೋಟೋ ಕಳಿಸಿದಳು. ನಾಲ್ಕು ಸುತ್ತು ಮುಗಿದು ಎರರ್ ಸೊನ್ನೆ. 12 ಜಿಬಿ ಪೂರ್ತಿ ಕಾಣುತ್ತಿತ್ತು. ಆಮೇಲೆ ಸ್ಕ್ರೂ ಹಾಕಿದಳು.

ಈ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಇನ್ನೊಮ್ಮೆ ಬಿಚ್ಚಿ ಆ ಮೂಲೆಗೆ ಟಾರ್ಚ್ ಹಿಡಿದು ನೋಡಿದೆವು. ಆ ಮೂರು ಪಿನ್‌ಗಳಲ್ಲಿ ಹಸಿರು ಮತ್ತೆ ಬಂದಿರಲಿಲ್ಲ.